ಬಾಹುಗಳ ಅಳತೆಯಿಂದ ಲಂಬಕೋನ ಮತ್ತು ವಿಶಾಲಕೋನ ತ್ರಿಭುಜಗಳನ್ನು ಗುರುತಿಸುವ ಕ್ರಮ

ತ್ರಿಭುಜದ ಚಿತ್ರವನ್ನು ನೋಡಿಯೇ ಅದರ ಕೋನವನ್ನು ತೀರ್ಮಾನಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. 89 ಡಿಗ್ರಿಗೂ 91 ಡಿಗ್ರಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವುದಿಲ್ಲ. ಆದರೆ ಒಂದು ಲಘುಕೋನ, ಇನ್ನೊಂದು ವಿಶಾಲಕೋನ. ಲಂಬಕೋನವೆಂದರೆ ಸರಿಯಾಗಿ 90 ಡಿಗ್ರಿ.

ಎರಡು ಕೋನಗಳನ್ನು ಕೊಟ್ಟಿದ್ದರೆ ಕೆಲಸ ಸುಲಭ. ಮೂರು ಕೋನಗಳ ಮೊತ್ತ 180 ಡಿಗ್ರಿಯಾದ್ದರಿಂದ, 35 ಮತ್ತು 48 ಡಿಗ್ರಿ ಇದ್ದಲ್ಲಿ ಮೂರನೆಯದು 97 ಡಿಗ್ರಿ, ಅಂದರೆ ವಿಶಾಲಕೋನ. ಇದೇ ಕಾರಣಕ್ಕೆ ಒಂದು ತ್ರಿಭುಜದಲ್ಲಿ ಒಂದಕ್ಕಿಂತ ಹೆಚ್ಚು ಲಂಬಕೋನವಾಗಲಿ ವಿಶಾಲಕೋನವಾಗಲಿ ಇರಲಾರದು.

ಬಾಹುಗಳನ್ನಷ್ಟೇ ಕೊಟ್ಟಾಗ ಹೆಚ್ಚಿನ ಎಚ್ಚರ ಬೇಕು. ಅತಿ ದೊಡ್ಡ ಕೋನವು ಯಾವಾಗಲೂ ಅತಿ ಉದ್ದದ ಬಾಹುವಿಗೆ ಎದುರಾಗಿರುವುದರಿಂದ ಆ ಒಂದು ಕೋನವನ್ನು ಪರೀಕ್ಷಿಸಿದರೆ ಸಾಕು. ಅದಕ್ಕೂ ಮೊದಲು, ಚಿಕ್ಕ ಬಾಹುಗಳೆರಡರ ಮೊತ್ತವು ಉದ್ದದ ಬಾಹುವಿಗಿಂತ ಹೆಚ್ಚಿದೆಯೇ ಎಂದು ನೋಡಿಕೊಳ್ಳಬೇಕು. 3, 4, 8 ಎಂಬ ಅಳತೆಗಳಿಂದ ತ್ರಿಭುಜವೇ ಆಗುವುದಿಲ್ಲ. ಈ ಹೆಜ್ಜೆಯನ್ನು ಬಿಟ್ಟು ವರ್ಗಗಳನ್ನು ಹೋಲಿಸಿದವರಿಗೆ ಮಾತ್ರ ಅದು ವಿಶಾಲಕೋನ ತ್ರಿಭುಜದಂತೆ ತೋರುತ್ತದೆ.

ಆಮೇಲೆ ಚಿಕ್ಕ ಬಾಹುಗಳ ವರ್ಗಗಳನ್ನು ಕೂಡಿ, ಉದ್ದದ ಬಾಹುವಿನ ವರ್ಗದೊಂದಿಗೆ ಹೋಲಿಸಬೇಕು. ಎರಡೂ ಸಮವಾದರೆ ಲಂಬಕೋನ: 5, 12, 13ರಲ್ಲಿ 25 ಮತ್ತು 144 ಕೂಡಿದರೆ 169 ಬರುತ್ತದೆ. ಇಲ್ಲಿ ನಾವು ಬಳಸುತ್ತಿರುವುದು ಪೈಥಾಗೊರಸ್ ಪ್ರಮೇಯದ ವಿಲೋಮವನ್ನು, ಅಂದರೆ ವರ್ಗಗಳು ಹೀಗೆ ಸಮವಾದರೆ ಕೋನವು ಲಂಬಕೋನವೇ ಎಂಬ ತಿರುಗುಮುರುಗಾದ ಹೇಳಿಕೆಯನ್ನು, ಎಂಬುದು ನೆನಪಿರಲಿ. ಉದ್ದದ ಬಾಹುವಿನ ವರ್ಗವೇ ಹೆಚ್ಚಾದರೆ ವಿಶಾಲಕೋನ, ಕಡಿಮೆಯಾದರೆ ಮೂರೂ ಲಘುಕೋನಗಳು.

4, 5, 7ನ್ನು ತೆಗೆದುಕೊಳ್ಳೋಣ. 16 ಮತ್ತು 25 ಸೇರಿ 41. 7ರ ವರ್ಗ 49. ಆದ್ದರಿಂದ ಇದು ವಿಶಾಲಕೋನ ತ್ರಿಭುಜ. ಹೆಚ್ಚಾಗಿ ಉಳಿದ 8ಕ್ಕೂ ಒಂದು ಅರ್ಥವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಸುಂದರವಾದ ಭಾಗ ಇದೇ. 4ರ ಬಾಹುವನ್ನು ಪಾದವಾಗಿಟ್ಟುಕೊಂಡು ಎದುರಿನ ಶೃಂಗದಿಂದ ಲಂಬವನ್ನು ಎಳೆದರೆ ಅದು ಪಾದದ ಮೇಲೆ ಬೀಳದೆ, ವಿಶಾಲಕೋನದ ಕಡೆಗೆ ವಿಸ್ತರಿಸಿದ ರೇಖೆಯ ಮೇಲೆ ಬೀಳುತ್ತದೆ. ಎಷ್ಟು ಹೊರಗೆ ಎಂದು ತಿಳಿಯಲು 8ನ್ನು ಪಾದದ ಎರಡರಷ್ಟರಿಂದ, ಅಂದರೆ ಇನ್ನೊಂದು 8ರಿಂದ ಭಾಗಿಸಬೇಕು: ಉತ್ತರ 1. ತಾಳೆ ನೋಡುವುದೂ ಸುಲಭ. 5ರ ಬಾಹುವಿನ ವರ್ಗ 25ರಲ್ಲಿ 1ರ ವರ್ಗವನ್ನು ಕಳೆದರೆ ಲಂಬದ ವರ್ಗ 24. ವಿಸ್ತರಿಸಿದ ಪಾದ 5, ಅದರ ವರ್ಗ 25. ಎರಡೂ ಸೇರಿ 49.

ಅಳತೆಪಟ್ಟಿಯಿಂದ ಅಳೆದ ಬಾಹುಗಳಾದರೆ ಸಣ್ಣ ವ್ಯತ್ಯಾಸವನ್ನು ನಂಬಬಾರದು. 7, 7, 9.9 ಸೆಂಟಿಮೀಟರ್ ಎಂದು ಅಳೆದಾಗ 98ಕ್ಕೆ ಎದುರಾಗಿ 98.01 ಬರುತ್ತದೆ, ಮಿಲಿಮೀಟರಿನಷ್ಟೇ ಸೂಕ್ಷ್ಮವಾದ ಅಳತೆಯಿಂದ ಅದನ್ನು ವಿಶಾಲಕೋನವೆಂದು ಹೇಳಲಾಗದು.

ಕೈವಾರವಿದ್ದರೆ ಲೆಕ್ಕವಿಲ್ಲದೆಯೂ ಪರೀಕ್ಷಿಸಬಹುದು. ಅತಿ ಉದ್ದದ ಬಾಹುವನ್ನೇ ವ್ಯಾಸವಾಗಿಸಿ ವೃತ್ತ ಎಳೆದಾಗ ಎದುರಿನ ಶೃಂಗವು ವೃತ್ತದ ಮೇಲಿದ್ದರೆ ಲಂಬಕೋನ, ಒಳಗಿದ್ದರೆ ವಿಶಾಲಕೋನ, ಹೊರಗಿದ್ದರೆ ಲಘುಕೋನ.

ವಿಸ್ತೀರ್ಣ ಕಂಡುಹಿಡಿಯುವಾಗ ಈ ಗುರುತಿಸುವಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಲಂಬಕೋನ ತ್ರಿಭುಜದಲ್ಲಿ ಚಿಕ್ಕ ಬಾಹುಗಳೇ ಪಾದ ಮತ್ತು ಎತ್ತರಗಳು. ಮೇಲಿನ ವಿಶಾಲಕೋನ ತ್ರಿಭುಜದಲ್ಲಾದರೋ ಎತ್ತರವು 24ರ ವರ್ಗಮೂಲ. ಲಂಬ ಹೊರಗೆ ಬಿದ್ದರೂ ಸೂತ್ರದಲ್ಲಿ ಪಾದವನ್ನು 5 ಎಂದು ಬರೆಯದೆ 4 ಎಂದೇ ಬರೆಯಬೇಕು, ಆಗ ವಿಸ್ತೀರ್ಣ ಸುಮಾರು 9.8 ಚದರ ಮಾನ ಬರುತ್ತದೆ.