ಅಂಗಡಿಯ ಹೆಸರನ್ನು ಕಾನೂನಿನಲ್ಲಿ ನಿಮ್ಮದಾಗಿಸಿಕೊಳ್ಳುವುದು ಹೇಗೆ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿ ಪುಡಿ ಮಾರುವವರಿರಲಿ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ವರ್ತಕರಿರಲಿ, ‘ಈ ಹೆಸರು ನಿಮ್ಮದೇ ಅನ್ನೋದಕ್ಕೆ ದಾಖಲೆ ಏನಿದೆ’ ಎಂದರೆ ಗೋಡೆಯಲ್ಲಿರುವ ಜಿಎಸ್‌ಟಿ ಪ್ರಮಾಣಪತ್ರದ ಕಡೆ ಕೈ ತೋರಿಸುವವರೇ ಹೆಚ್ಚು. ಅದರಿಂದ ಹೆಸರಿನ ಮೇಲೆ ಹಕ್ಕು ಬರುವುದಿಲ್ಲ. ಟ್ರೇಡ್ ಲೈಸೆನ್ಸ್, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ನಿಂದಲೂ ಬರುವುದಿಲ್ಲ. ಪಕ್ಕದ ಬೀದಿಯವರು ಅದೇ ಹೆಸರಿನಲ್ಲಿ ಅರ್ಜಿ ಹಾಕಿದರೆ ಅವರಿಗೂ ಇವೆಲ್ಲ ಸಿಗುತ್ತವೆ. ಹೆಸರು ಯಾರದ್ದೆಂದು ವಿಚಾರಿಸುವುದು ಆ ಕಚೇರಿಗಳ ಕೆಲಸವಲ್ಲ.

ಹಕ್ಕು ಬರುವುದು ಎರಡೇ ದಾರಿಯಲ್ಲಿ: ಹೆಸರನ್ನು ಬಳಸಿ ಗಳಿಸಿದ ಖ್ಯಾತಿಯಿಂದ ಮತ್ತು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಮಾಡಿಸಿದ ನೋಂದಣಿಯಿಂದ. ನೋಂದಣಿ ಇಲ್ಲದಿದ್ದರೂ ನಿಮ್ಮ ಹೆಸರಿನಲ್ಲಿ ಗಿರಾಕಿಗಳನ್ನು ದಾರಿ ತಪ್ಪಿಸುವವರ ಮೇಲೆ ದಾವೆ ಹೂಡಬಹುದು. ಕಲಂ 27 ಅದಕ್ಕೆ ಅವಕಾಶ ಕೊಟ್ಟಿದೆ. ಇನ್ನೊಬ್ಬರು ಬಳಸುವುದಕ್ಕೂ ನೋಂದಾಯಿಸುವುದಕ್ಕೂ ಮೊದಲಿನಿಂದ ನೀವು ಬಿಡದೆ ಬಳಸುತ್ತಿದ್ದರೆ, ಅವರ ನೋಂದಣಿ ನಿಮ್ಮನ್ನು ತಡೆಯಲಾರದು. ಇದು ಕಲಂ 34. ಎರಡರಲ್ಲೂ ರುಜುವಾತಿನ ಭಾರ ನಿಮ್ಮ ಮೇಲೆ. ‘ನಮ್ಮದು ತಾತನ ಕಾಲದ ಅಂಗಡಿ, ಊರಿಗೇ ಗೊತ್ತು’ ಎಂಬ ಮಾತೊಂದೇ ಕೋರ್ಟಿನಲ್ಲಿ ಸಾಲದು.

ಹಾಗಾಗಿ ಮೊದಲು ಒಂದು ಫೈಲ್ ಮಾಡಿ. ಹೆಸರು ಮತ್ತು ತಾರೀಕು ಎರಡೂ ಇರುವ ಕಾಗದಗಳೇ ಬೇಕು: ಹಳೆಯ ಬಿಲ್ ಪುಸ್ತಕದ ಕಾರ್ಬನ್ ಪ್ರತಿ, ಪೊಟ್ಟಣ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲು, ಬೋರ್ಡ್ ಬರೆಸಿದ ರಸೀದಿ, ಪತ್ರಿಕೆ ಜಾಹೀರಾತು, ಹಳೆಯ ವ್ಯಾಟ್ ದಾಖಲೆ. ಹಕ್ಕು ಕೊಡದ ಲೈಸೆನ್ಸ್‌ಗಳೂ ಇಲ್ಲಿ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತವೆ. ವರ್ಷಕ್ಕೆ ಮೂರ್ನಾಲ್ಕು ಕಾಗದವಾದರೂ ಇರಲಿ. ಬಿಲ್ಲಿಂಗ್ ಮೆಷಿನ್ನಿನ ಥರ್ಮಲ್ ಕಾಗದದ ಅಕ್ಷರ ಕೆಲವೇ ವರ್ಷದಲ್ಲಿ ಮಾಸಿ ಬಿಳಿ ಚೀಟಿಯಾಗುತ್ತದೆ. ಅದನ್ನು ಆಗಲೇ ಜೆರಾಕ್ಸ್ ಮಾಡಿಸಿ ಇಡಿ.

ಹೊಸ ಹೆಸರು ಇಡುವವರಿಗೆ ಒಂದು ಕಿವಿಮಾತು. ‘ಮಲೆನಾಡು ಕಾಫಿ’, ‘ಶುದ್ಧ ಮಸಾಲೆ’ಯಂಥವು ಸರಕಿನ ಗುಣವನ್ನೋ ಊರನ್ನೋ ಹೇಳುವ ಪದಗಳು. ಕಲಂ 9ರಡಿ ಇವಕ್ಕೆ ಆಕ್ಷೇಪಣೆ ಬರುತ್ತದೆ, ಏಕೆಂದರೆ ಅವು ಎಲ್ಲ ವ್ಯಾಪಾರಿಗಳಿಗೂ ಬೇಕಾದ ಮಾತುಗಳು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬವಂತೂ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹೆಸರುಗಳು. ಅವು ಆ ಸೀಮೆಯ ಬೆಳೆಗಾರರೆಲ್ಲರ ಸ್ವತ್ತು, ಒಂದು ಅಂಗಡಿಯ ಬ್ರ್ಯಾಂಡ್ ಆಗಲಾರವು. ಸರಕಿಗೆ ಸಂಬಂಧವಿಲ್ಲದ ಪದ ಅಥವಾ ನೀವೇ ಕಟ್ಟಿದ ಪದ ಇಟ್ಟರೆ ಮುಂದೆ ಕಾಪಾಡಿಕೊಳ್ಳುವುದು ಸುಲಭ.

ಬೋರ್ಡ್ ಬರೆಸುವ ಮೊದಲೇ, ಹೆಸರುಗಳನ್ನು ನೋಂದಾಯಿಸುವ ಕಚೇರಿಯಾದ ಟ್ರೇಡ್ ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಹುಡುಕಿ, ಇದಕ್ಕೆ ಶುಲ್ಕವಿಲ್ಲ. ಒಂದೇ ಸ್ಪೆಲ್ಲಿಂಗ್ ಹಾಕಿ ‘ಯಾರೂ ಇಲ್ಲ’ ಎಂದುಕೊಳ್ಳಬೇಡಿ. ‘ತುಂಗಾ’ ಎಂಬ ಹೆಸರಾದರೆ ಇಂಗ್ಲಿಷಿನಲ್ಲಿ ಟಿ ಆದಮೇಲೆ ಎಚ್ ಹಾಕಿಯೂ ಬಿಟ್ಟೂ ನೋಡಿ, ಉಚ್ಚಾರಣೆಯ ಆಧಾರದಲ್ಲಿ ಹುಡುಕುವ ಫೊನೆಟಿಕ್ ಆಯ್ಕೆಯನ್ನೂ ಬಳಸಿ. ಕಿವಿಗೆ ಒಂದೇ ಥರ ಕೇಳಿಸಿದರೂ ಆಕ್ಷೇಪಣೆ ಬರುತ್ತದೆ.

ಅರ್ಜಿಯ ಫಾರ್ಮು ಟಿಎಂ-ಎ. ಆನ್‌ಲೈನ್ ಶುಲ್ಕ ಸರಕು-ಸೇವೆಗಳ ಒಂದು ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ 4,500 ರೂಪಾಯಿ, ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ ರಿಯಾಯಿತಿ ಪಡೆಯಿರಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಹೆಚ್ಚಿನ ತಪ್ಪುಗಳು ಆಗುವುದು ಈ ಫಾರ್ಮಿನಲ್ಲೇ. ಮೊದಲನೆಯದು ವರ್ಗ. ಕಾಫಿ ಪುಡಿ, ಮಸಾಲೆ, ಜೇನುತುಪ್ಪ 30ನೇ ವರ್ಗ; ಉಪ್ಪಿನಕಾಯಿ 29; ಸಿದ್ಧ ಉಡುಪು 25; ಒಡವೆ 14; ಬೇರೆಯವರ ಸರಕು ತಂದು ಮಾರುವ ಅಂಗಡಿ 35; ಹೋಟೆಲ್, ಹೋಂಸ್ಟೇ 43. ಪುಡಿ ಮಾಡಿ ಮಾರುವವರು 35ಕ್ಕೆ ಮಾತ್ರ ಹಾಕಿದರೆ ಪೊಟ್ಟಣದ ಮೇಲಿನ ಹೆಸರಿಗೆ ಬೇಕಾದ ರಕ್ಷಣೆ ಸಿಗುವುದಿಲ್ಲ. ಬಿಟ್ಟುಹೋದ ವರ್ಗಕ್ಕೆ ಮತ್ತೆ ಅರ್ಜಿ, ಮತ್ತೆ ದುಡ್ಡು. ಎರಡನೆಯದು ಬಳಕೆಯ ತಾರೀಕು. ಹದಿನೈದು ವರ್ಷದಿಂದ ನಡೆಯುತ್ತಿರುವ ಅಂಗಡಿಗೂ, ಅಫಿಡವಿಟ್ ಮಾಡಿಸುವ ತಾಪತ್ರಯ ಬೇಡವೆಂದು ‘ಮುಂದೆ ಬಳಸಲಿದ್ದೇವೆ’ ಎಂದು ತುಂಬಿಬಿಡುವುದುಂಟು. ಹಾಗೆ ಮಾಡಿದರೆ ಅಷ್ಟು ವರ್ಷದ ಬಲವನ್ನು ನಿಮ್ಮ ಕೈಯಾರೆ ಬಿಟ್ಟುಕೊಟ್ಟಂತೆ. ಮೊದಲು ಬಳಸಿದ ದಿನ ಬರೆದು, ಅಫಿಡವಿಟ್ ಜೊತೆ ಆ ಫೈಲಿನ ಕಾಗದ ಸೇರಿಸಿ. ಕಾಗದ ಇಲ್ಲದ ವರ್ಷವನ್ನು ಬರೆಯಬೇಡಿ. ನೋಂದಾಯಿಸುವ ಹೆಸರು ಅಥವಾ ಲೋಗೋದಲ್ಲಿ ಕನ್ನಡ ಅಕ್ಷರವಿದ್ದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಲೇಬೇಕು. ಒಂದೇ ಅರ್ಜಿಗೆ ದುಡ್ಡಿದ್ದರೆ ಬಣ್ಣದ ಲೋಗೋಗಿಂತ ಬರಿಯ ಹೆಸರಿಗೆ ಹಾಕುವುದು ಲೇಸು. ಲೋಗೋ ನಾಳೆ ಬದಲಾಗಬಹುದು.

ಅರ್ಜಿಯ ಸ್ಥಿತಿಯನ್ನು ಏಜೆಂಟರ ಮೇಲೆ ಬಿಡದೆ ನೀವೇ ನೋಡುತ್ತಿರಿ. ‘ಅಬ್ಜೆಕ್ಟೆಡ್’ ಎಂದರೆ ರಿಜಿಸ್ಟ್ರಿ ಪ್ರಶ್ನೆ ಎತ್ತಿದೆ ಎಂದಷ್ಟೇ. ಆ ಪ್ರಶ್ನೆಗಳ ವರದಿ ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು. ‘ಅಪೋಸ್ಡ್’ ಎಂದರೆ ಅರ್ಜಿ ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಬೇರೆಯವರು ತಕರಾರು ಹಾಕಿದ್ದಾರೆ. ಅದರ ಪ್ರತಿ ಬಂದ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನೋಂದಣಿ ಅರ್ಜಿ ಹಾಕಿದ ದಿನದಿಂದ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ನೋಂದಣಿ ಆಗುವವರೆಗೆ ಹೆಸರಿನ ಪಕ್ಕ ಟಿಎಂ ಗುರುತು ಮಾತ್ರ ಹಾಕಿ. ‘ನೋಂದಾಯಿತ’ ಎಂದು ಹೇಳುವ ವೃತ್ತದೊಳಗಿನ ಆರ್ ಹಾಕಿದರೆ ಕಲಂ 107ರಡಿ ದಂಡ ತೆರಬೇಕಾಗುತ್ತದೆ. 2024ರಲ್ಲಿ ತಿದ್ದುಪಡಿ ಜಾರಿಗೆ ಬರುವವರೆಗೆ ಇದಕ್ಕೆ ಮೂರು ವರ್ಷದವರೆಗೆ ಜೈಲೂ ಆಗಬಹುದಿತ್ತು.

ಯಾರಾದರೂ ನಕಲು ಮಾಡಿದರೆ ಅಂಗಡಿ ಮುಂದೆ ಜಗಳಕ್ಕೆ ಹೋಗಬೇಡಿ. ಅವರ ಪೊಟ್ಟಣವೊಂದನ್ನು ಬಿಲ್ ಸಮೇತ ಕೊಂಡುಕೊಳ್ಳಿ, ಬೋರ್ಡಿನ ಫೋಟೊ ತೆಗೆಯಿರಿ, ಆಮೇಲೆ ವಕೀಲರಿಂದ ನೋಟಿಸ್ ಕೊಡಿಸಿ. ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ನಡೆಯುವುದಿಲ್ಲ.

ಅಣ್ಣತಮ್ಮಂದಿರು ಸೇರಿ ನಡೆಸುವ ಅಂಗಡಿಯಾದರೆ ಮೇಲಿನದ್ದಕ್ಕಿಂತ ಮುಖ್ಯವಾದದ್ದೊಂದಿದೆ. ಪಾಲಾಗುವಾಗ ಗೋಡೌನು, ಮೆಷಿನ್ನು, ಸಾಲ ಎಲ್ಲ ಬರೆದು ಹೆಸರನ್ನು ಮರೆಯುತ್ತಾರೆ. ಆಮೇಲೆ ಒಬ್ಬರು ಅದೇ ಹೆಸರಿಗೆ ‘ನ್ಯೂ’ ಸೇರಿಸಿ ಎದುರಿಗೇ ಅಂಗಡಿ ತೆರೆಯುತ್ತಾರೆ. ಹೆಸರು ಯಾರ ಪಾಲಿಗೆ, ಇನ್ನೊಬ್ಬರು ಅದನ್ನು ಬಳಸಬಹುದೇ, ಬಳಸುವುದಾದರೆ ಯಾವ ಊರಿನಲ್ಲಿ, ಯಾವ ಸರಕಿಗೆ ಎಂಬುದನ್ನು ಪಾಲುದಾರಿಕೆ ಪತ್ರದಲ್ಲೂ ವಿಭಾಗಪತ್ರದಲ್ಲೂ ಬರೆಸಿ. ನೋಂದಾಯಿತ ಹೆಸರು ಒಬ್ಬರ ಪಾಲಿಗೆ ಬಂದರೆ ಟಿಎಂ-ಪಿ ಫಾರ್ಮು ಹಾಕಿ ರಿಜಿಸ್ಟ್ರಿಯ ದಾಖಲೆಯಲ್ಲೂ ಬದಲಾಯಿಸಿಕೊಳ್ಳಿ.