ಗುಡ್ಡದೂರಲ್ಲಿ ಮಳೆಗಾಲಕ್ಕೆ ಮುಂಚೆ ಊರಿನೋರದ್ದೇ ಒಂದು ರಕ್ಷಣಾ ತಂಡ ಕಟ್ಕೊಳ್ಳೋದು ಹೇಗೆ?

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕಡೆ ಗುಡ್ಡ ಜರೀತಲ್ಲ, ಆಗ ಸೇತುವೆನೂ ಕೊಚ್ಕೊಂಡು ಹೋಗಿ ಆಚೆ ದಡ ಪೂರ್ತಿ ಕಟ್ಟಾಗೋಯ್ತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಬಂದು 190 ಅಡಿ ಉದ್ದದ ಬೈಲಿ ಬ್ರಿಡ್ಜ್ (ಬಿಡಿ ಭಾಗ ತಂದು ಜೋಡಿಸೋ ಉಕ್ಕಿನ ಸೇತುವೆ) ಕಟ್ಟಿ ಮುಗಿಸಿದ್ದು ಆಗಸ್ಟ್ 1ಕ್ಕೆ, ಅದೂ ಹಗಲು ರಾತ್ರಿ ಅನ್ನದೆ ದುಡಿದು. ಅದಕ್ಕಿಂತ ಬೇಗ ಯಾರ ಕೈಲೂ ಆಗ್ತಿರ್ಲಿಲ್ಲ. ಆದ್ರೆ ಮೊದಲ ಕೆಲವು ಗಂಟೆ ಕತ್ತಲಲ್ಲಿ, ಕೆಸರಲ್ಲಿ ಜನರನ್ನ ಎಳೆದು ತೆಗೆದಿದ್ದು ಅಕ್ಕಪಕ್ಕದ ಮನೆಯೋರೇ. 2018ರ ಆಗಸ್ಟಲ್ಲಿ, ಆಶ್ಲೇಷ ಮಳೆ ಮುಗಿಯೋ ಹೊತ್ತಿಗೆ, ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ರೋಡೇ ಇಲ್ದಂಗಾದಾಗ್ಲೂ ಹಿಂಗೇ ಆಗಿತ್ತು. ಅಂದ್ರೆ ಇಲಾಖೆಯೋರು ಬಂದು ಮುಟ್ಟೋವರೆಗಿನ ಹೊತ್ತು ಊರಿನೋರದ್ದೇ ಜವಾಬ್ದಾರಿ, ಅದಕ್ಕೆ ಊರು ಏನ್ ತಯಾರಿ ಮಾಡ್ಕೊಂಡಿದೆ ಅನ್ನೋದೇ ಪ್ರಶ್ನೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಂಥ ಗುಡ್ಡದ ಊರುಗಳನ್ನ ಮನಸ್ಸಲ್ಲಿಟ್ಕೊಂಡು ಇದನ್ನ ಬರೀತಿದೀನಿ.

ಮೊದಲು ಸಭೆ. ಮೃಗಶಿರಾ ಹಿಡಿಯೋಕೆ ಮುಂಚೆ, ಮೇ ತಿಂಗಳಲ್ಲೇ ಮಾಡಿ, ಮಳೆ ಶುರುವಾದ್ಮೇಲೆ ಯಾರೂ ಬರಲ್ಲ. ಡೈರಿಗೆ ಹಾಲು ಹಾಕೋಕೆ ಜನ ಬರೋ ಹೊತ್ತಲ್ಲಿ ಇಟ್ಕೊಂಡ್ರೆ ಮನೆಗೊಬ್ಬರಾದ್ರೂ ಸಿಗ್ತಾರೆ. ಅಧ್ಯಕ್ಷ, ಕಾರ್ಯದರ್ಶಿ ಅಂತ ಪದವಿ ಹಂಚೋಕೆ ಹೋಗ್ಬೇಡಿ, ಅಲ್ಲೇ ಜಗಳ ಶುರುವಾಗುತ್ತೆ. ಯಾರ ಕೈಲಿ ಏನಾಗುತ್ತೆ ಅಂತಷ್ಟೇ ಬರ್ಕೊಳ್ಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರೂ ಇರ್ಲೇಬೇಕು, ಊರಿನ ಒಳಗು ಹೊರಗು ಅವರಿಗೆ ಗೊತ್ತಿರೋಷ್ಟು ಪಂಚಾಯ್ತಿ ಮೆಂಬರ್‌ಗೂ ಗೊತ್ತಿರಲ್ಲ. ಪಿಕಪ್ ಇರೋರು, ಜೆಸಿಬಿ ಇರೋರು, ಮರ ಕೊಯ್ಯೋ ಮಷಿನ್ ಇರೋರು, ರಿಟೈರ್ಡ್ ಫೌಜಿಗಳು, ಇವರೆಲ್ಲ ಸರಿ. ಜನ ಮರೆಯೋದು ಅಡಿಕೆ ಕೊನೆ ಕೊಯ್ಯೋರನ್ನ. ಹಗ್ಗ ಕಟ್ಟೋದು, ಹಗ್ಗದ ಮೇಲೆ ಭಾರ ಬಿಡೋದು ಅವರಷ್ಟು ಚೆನ್ನಾಗಿ ಊರಲ್ಲಿ ಇನ್ಯಾರಿಗೆ ಗೊತ್ತು ಹೇಳಿ?

ಎರಡನೇದು ಪಟ್ಟಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅರ್ಧ ಇದೇ. ಮನೆಮನೆಗೆ ಹೋಗಿ ನಡೆಯೋಕಾಗದೋರು ಯಾರು, ಗರ್ಭಿಣಿ ಯಾರು, ಹಸುಗೂಸು ಎಲ್ಲಿದೆ, ವಾರಕ್ಕೆ ಡಯಾಲಿಸಿಸ್‌ಗೆ ಹೋಗೋರು ಯಾರು, ಇನ್ಸುಲಿನ್ ಬೇಕಾದೋರು ಯಾರು, ರಾತ್ರಿ ಒಬ್ಬರೇ ಮಲಗೋ ಅಜ್ಜ ಅಜ್ಜಿ ಎಷ್ಟು ಜನ ಅಂತ ಬರ್ಕೋಬೇಕು. ಅಂಥ ಪ್ರತಿಯೊಬ್ಬರ ಹೆಸರಿನ ಎದುರಿಗೂ ಅವರನ್ನ ಕರ್ಕೊಂಡು ಬರೋ ಇಬ್ಬರ ಹೆಸರಿರ್ಬೇಕು, ಒಬ್ಬರಲ್ಲ ಇಬ್ಬರು, ಯಾಕಂದ್ರೆ ಒಬ್ಬ ಅವತ್ತೇ ಮದುವೆಗೆ ಹೋಗಿರ್ತಾನೆ. ಕಾಫಿ ಎಸ್ಟೇಟಿನ ಲೈನ್ ಮನೆಗಳನ್ನ, ಅಂದ್ರೆ ಕೆಲಸಗಾರರ ಸಾಲುಮನೆಗಳನ್ನ, ಬಿಡ್ಲೇಬೇಡಿ. ಅಲ್ಲಿ ಅಸ್ಸಾಂ ಕಡೆಯಿಂದ ಬಂದೋರು ಇರ್ತಾರೆ, ಕನ್ನಡ ಬರಲ್ಲ, ಎಷ್ಟೋ ಸಲ ಯಾವ ಪಟ್ಟಿಯಲ್ಲೂ ಅವರ ಹೆಸರಿರಲ್ಲ. ಮುಂಡಕ್ಕೈಯಲ್ಲಿ ಇಂಥ ಲೈನ್ ಮನೆಗಳೂ (ಅಲ್ಲಿ ಪಾಡಿ ಅಂತಾರೆ) ಕೊಚ್ಕೊಂಡು ಹೋದ್ವು, ಒಳಗೆ ಎಷ್ಟು ಜನ ಮಲಗಿದ್ರು ಅಂತ ಹೇಳೋರಿಲ್ಲದಿದ್ರೆ ಎಲ್ಲಿ ಹುಡುಕೋದು? ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಹತ್ರ ಪ್ರತಿ ತಿಂಗಳು ಲೆಕ್ಕ ತಗೊಳ್ಳಿ, ಹಿಂದಿ ಬರೋ ಒಬ್ಬರಿಗೆ ಆ ಲೈನ್ ವಹಿಸಿ.

ಈ ಪಟ್ಟಿನ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕ್ಬೇಡಿ. ಒಂಟಿ ಮುದುಕರ ಮನೆ ವಿಳಾಸ ಊರಿಗೆಲ್ಲ ಫಾರ್ವರ್ಡ್ ಆದ್ರೆ ಕಳ್ಳರಿಗೆ ನಾವೇ ದಾರಿ ತೋರಿಸ್ದಂಗೆ. ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಮೂರು ಮನೇಲಿ ಇಟ್ರೆ ಸಾಕು.

ಆಮೇಲೆ ನಕ್ಷೆ. ಶಾಲೆ ಮಕ್ಕಳ ಕೈಲಿ ಡ್ರಾಯಿಂಗ್ ಶೀಟಲ್ಲಿ ಬರೆಸಿ. ಹಳ್ಳ, ಕಾಲುಸಂಕ, ಟ್ರಾನ್ಸ್‌ಫಾರ್ಮರ್, ರೋಡಿಗೋ ಮನೆಗೋ ಅಂತ ಗುಡ್ಡ ಕಡಿದಿರೋ ಜಾಗ, ಎಲ್ಲ ಬರ್ಬೇಕು. ಕಡಿದ ಗುಡ್ಡದ ಬುಡದಲ್ಲಿ ಮನೆ, ಅಂಗಡಿ ಇದ್ರೆ ಕೆಂಪು ಬಣ್ಣ ಹಾಕಿ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಹೈವೇ ಪಕ್ಕದ ಗುಡ್ಡ ಕುಸಿದಾಗ ಕೆಳಗಿದ್ದ ಚಾ ಅಂಗಡಿ ಗಂಗಾವಳಿ ನದಿ ಪಾಲಾಗಿದ್ದನ್ನ ಯಾರೂ ಮರೆತಿಲ್ಲ. ಹಳ್ಳ ದಾಟದೇ ಹೋಗೋ ದಾರಿ ಒಂದಾದ್ರೂ ಇದ್ಯಾ ನೋಡ್ಕೊಳ್ಳಿ. ಮನೆ ಬಿಟ್ಟು ಬಂದೋರು ಉಳ್ಕೊಳ್ಳೋ ಕಾಳಜಿ ಕೇಂದ್ರ ಅಂತ ಯಾವ ಶಾಲೆನ ಗುರುತು ಮಾಡಿದಾರೆ ಅಂತ ಪಿಡಿಓ ಹತ್ರ ಕೇಳಿ, ಕೇಳಿ ಸುಮ್ನಾಗ್ಬೇಡಿ, ಹೋಗಿ ನೋಡಿ, ಟಾಯ್ಲೆಟ್‌ಗೆ ನೀರು ಬರುತ್ತಾ, ಸೂರು ಸೋರುತ್ತಾ, ಮುಖ್ಯವಾಗಿ ಬೀಗದ ಕೈ ಯಾರ ಹತ್ರ ಇದೆ. ಹೆಡ್‌ಮಾಸ್ಟರು ದಿನಾ ಪೇಟೆಯಿಂದ ಬಂದು ಹೋಗೋರಾದ್ರೆ ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯೋರ್ಯಾರು?

ಇನ್ನು ಯಾವಾಗ ಮನೆ ಬಿಡ್ಬೇಕು ಅನ್ನೋದು. ಇದನ್ನ ಮಳೆ ಹೊಡೀತಿರೋವಾಗ ಚರ್ಚೆ ಮಾಡೋಕಾಗಲ್ಲ, ಮೇ ತಿಂಗಳ ಸಭೆಯಲ್ಲೇ ತೀರ್ಮಾನ ಆಗ್ಬೇಕು. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5 ಮಿಲಿಮೀಟರ್ ದಾಟಿದ್ರೆ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ, 204.4ಕ್ಕಿಂತ ಮೇಲೆ ಅತ್ಯಂತ ಭಾರಿ. ನಮ್ಮ ಪ್ಲಾಂಟರ್‌ಗಳು ಇಂಚಲ್ಲಿ ಅಳೆಯೋದು, ಅವರಿಗೆ ಹೇಳೋದಾದ್ರೆ ಸುಮಾರು ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಮಳೆಮಾಪಕ ಇರೋ ಎರಡು ಮನೆಯೋರು ಬೆಳಗ್ಗೆ ಸಂಜೆ ಲೆಕ್ಕ ಹೇಳ್ಲಿ, ಜಿಲ್ಲೆಗೆಲ್ಲ ಒಂದೇ ಅಲರ್ಟ್ ಬಂದ್ರೂ ನಿಮ್ಮ ಗುಡ್ಡದ ಮೇಲೆ ಬಿದ್ದಿದ್ದು ಬೇರೇನೇ ಇರುತ್ತೆ. ಮಳೆ ಲೆಕ್ಕದ ಜೊತೆ ನೆಲನೂ ನೋಡ್ಬೇಕು. ಅಂಗಳದಲ್ಲೋ ತೋಟದಲ್ಲೋ ಹೊಸ ಬಿರುಕು, ವಾಲಿದ ಕರೆಂಟ್ ಕಂಬ, ನಿನ್ನೆವರೆಗೂ ಸಲೀಸಾಗಿ ಹಾಕ್ತಿದ್ದ ಬಾಗಿಲು ಇವತ್ತು ಸಿಕ್ಕಾಕ್ಕೊಳ್ಳೋದು, ಇಲ್ಲದ ಕಡೆ ಕೆಂಪು ನೀರಿನ ಒರತೆ ಏಳೋದು, ಮಳೆ ಜೋರಿದ್ರೂ ಹಳ್ಳದ ನೀರು ಇದ್ದಕ್ಕಿದ್ದಂಗೆ ಇಳಿದುಹೋಗೋದು. ಕೊನೇದು ಕಂಡ್ರಂತೂ ಮೇಲೆಲ್ಲೋ ಮಣ್ಣು ಮರ ಬಿದ್ದು ನೀರು ಕಟ್ಕೊಂಡಿರ್ಬಹುದು ಅಂತ ತಿಳ್ಕೊಂಡು ಹಳ್ಳದಿಂದ ದೂರ ಎತ್ತರಕ್ಕೆ ಓಡಿ. ಇದ್ರಲ್ಲಿ ಒಂದು ಕಂಡ್ರೂ ಆ ಮನೆಯೋರು ಅವತ್ತು ರಾತ್ರಿ ಅಲ್ಲಿ ಮಲಗ್ಬಾರ್ದು, ಅಲರ್ಟ್ ಇರ್ಲಿ ಬಿಡ್ಲಿ.

ಸುದ್ದಿ ಮುಟ್ಟಿಸೋಕೆ ಮೊಬೈಲ್ ನಂಬ್ಕೊಂಡ್ರೆ ಕೆಟ್ರಿ. ಕರೆಂಟ್ ಹೋಗಿ ಟವರ್ ಬ್ಯಾಟರಿ ಮುಗಿದ್ರೆ ಎಲ್ಲರ ಫೋನೂ ಟಾರ್ಚ್ ಅಷ್ಟೇ. ದೇವಸ್ಥಾನದ ಗಂಟೆ, ಮಸೀದಿ ಮೈಕು, ಶಾಲೆ ಬೆಲ್ಲು, ಯಾವುದು ಎಷ್ಟು ಹೊತ್ತು ಬಾರಿಸಿದ್ರೆ ಮನೆ ಬಿಡ್ಬೇಕು ಅಂತ ಮೊದಲೇ ಹೇಳಿಡಿ. ಮೈಕಿಗೆ ಬ್ಯಾಟರಿ ಇದ್ಯಾ ನೋಡಿ. ನೆಟ್‌ವರ್ಕ್ ಇರೋವರೆಗೆ ಗ್ರೂಪಲ್ಲಿ ಇಬ್ಬರೇ ಮೆಸೇಜ್ ಹಾಕ್ಬೇಕು, ಜಾಗ, ಟೈಮ್ ಬರೆದೇ ಹಾಕ್ಬೇಕು, ಎಲ್ಲಿಂದಲೋ ಬಂದ ಹಳೇ ವಿಡಿಯೋ ಹಾಕೋರನ್ನ ಮುಲಾಜಿಲ್ಲದೆ ರಿಮೂವ್ ಮಾಡಿ.

ಈಗ ಇಲಾಖೆಗಳ ಜೊತೆ ಹೊಂದಾಣಿಕೆ. ಪೊಲೀಸ್, ಫೈರ್, ಆಂಬುಲೆನ್ಸ್ ಮೂರಕ್ಕೂ 112. ಆಂಬುಲೆನ್ಸಿಗೆ 108 ಇದ್ದೇ ಇದೆ, ಜಿಲ್ಲಾ ಕಂಟ್ರೋಲ್ ರೂಮ್ 1077, ಕರೆಂಟಿಗೆ 1912, ಗ್ಯಾಸ್ ಲೀಕಾದ್ರೆ 1906. ಫೋನ್ ಮಾಡಿದಾಗ ಗಾಬರಿಯಲ್ಲಿ ಬೇಗ ಬನ್ನಿ ಸಾರ್ ಬೇಗ ಬನ್ನಿ ಅಂತಷ್ಟೇ ಹೇಳಿ ಕಟ್ ಮಾಡೋದು ಮಾಮೂಲು. ತಾಲ್ಲೂಕು, ಪಂಚಾಯ್ತಿ, ಹತ್ತಿರದ ಗುರುತು, ಎಷ್ಟು ಜನ ಸಿಕ್ಕಾಕ್ಕೊಂಡಿದಾರೆ, ಎಷ್ಟು ದೊಡ್ಡ ಗಾಡಿ ಎಲ್ಲಿವರೆಗೆ ಬರುತ್ತೆ, ಇಷ್ಟು ಹೇಳಿ. ತಿರುವಲ್ಲಿ ಟಾರ್ಚ್ ಹಿಡ್ಕೊಂಡು ಒಬ್ಬರು ನಿಂತ್ಕೊಳ್ಳಿ, ಫೈರ್ ಇಂಜಿನ್ ತಪ್ಪು ರೋಡಿಗೆ ಇಳಿದು ರಿವರ್ಸ್ ತಗೊಳ್ಳೋಕಾಗದೆ ನಿಂತ್ರೆ ಮುಗೀತು.

ಬೀಟ್ ಪೊಲೀಸ್, ವಿಎ (ಕಂದಾಯ ಇಲಾಖೆಯ ಗ್ರಾಮ ಆಡಳಿತಾಧಿಕಾರಿ), ಪಿಡಿಓ, ಲೈನ್‌ಮನ್ ನಾಲ್ಕು ಜನರನ್ನೂ ಮಳೆಗಾಲಕ್ಕೆ ಮುಂಚೆ ಒಂದು ಸಲ ಊರಿಗೆ ಕರೆದು ಕಾಫಿ ಕೊಟ್ಟು ನಕ್ಷೆ ತೋರ್ಸಿ. ಲೈನ್‌ಮನ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು. ತಂತಿ ಮೇಲೆ ಮರ ಬಿದ್ರೆ ಹುಡುಗ್ರು ಮಷಿನ್ ತಗೊಂಡು ಓಡ್ತಾರೆ, ಕರೆಂಟ್ ಹೋಗಿದ್ಯಲ್ಲ ಅಂತ ಧೈರ್ಯ ಬೇರೆ. ಯಾರದ್ದಾದ್ರೂ ಮನೇಲಿ ಜನರೇಟರ್ ಸರಿಯಾದ ಚೇಂಜ್‌ಓವರ್ ಸ್ವಿಚ್ (ಮನೆನ ಹೊರಗಿನ ಲೈನಿಂದ ಬೇರೆ ಮಾಡೋದು) ಇಲ್ದೇ ಓಡ್ತಿದ್ರೆ ಆ ಕರೆಂಟ್ ವಾಪಸ್ ಲೈನಿಗೆ ಬರ್ಬಹುದು. ಲೈನ್ ಆಫ್ ಅಂತ ಲೈನ್‌ಮನ್ ಬಾಯಿಂದ ಕೇಳೋವರೆಗೆ ಯಾರೂ ಹತ್ರ ಹೋಗ್ಬಾರ್ದು. ಹುಡುಗ್ರಿಗೆ ಹುಮ್ಮಸ್ಸಿದ್ರೆ ವಿಪತ್ತಲ್ಲಿ ನೆರವಾಗೋ ಸ್ವಯಂಸೇವಕರಿಗೆ ಕೊಡೋ ಆಪದ ಮಿತ್ರ ಟ್ರೈನಿಂಗ್ ಯಾವಾಗಿದೆ ಅಂತ ಡಿಸಿ ಆಫೀಸಿನ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ. ಇನ್ನೊಂದು, ಆಕ್ಸಿಡೆಂಟಲ್ಲಿ ಗಾಯ ಆದೋರನ್ನ ಆಸ್ಪತ್ರೆಗೆ ಸೇರ್ಸಿದ್ರೆ ಸ್ಟೇಷನ್‌ಗೆ ಅಲೀಬೇಕು ಅನ್ನೋ ಭಯ ಈಗ್ಲೂ ಇದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ್ಮೇಲೆ ಸಹಾಯ ಮಾಡಿದೋರಿಗೆ ಹೆಸರು, ವಿಳಾಸ ಕೊಡಿ ಅಂತ ಒತ್ತಾಯ ಮಾಡಂಗಿಲ್ಲ.

ಮನೆ ಬ್ಯಾಗ್ ಬಗ್ಗೆ ಎಲ್ಲರೂ ಬರೆದಿದಾರೆ, ಚುಟುಕಾಗಿ ಹೇಳ್ತೀನಿ. ಮಾತ್ರೆ, ಟಾರ್ಚ್, ಪವರ್‌ಬ್ಯಾಂಕ್, ಓಆರ್‌ಎಸ್, ಆಧಾರ್, ಪಹಣಿ, ಪಾಸ್‌ಬುಕ್ಕಿನ ಜೆರಾಕ್ಸ್.

ಒಂದು ಭಾನುವಾರ ಡ್ರಿಲ್ ಮಾಡಿ. ನಾಚಿಕೆ ಆಗುತ್ತೆ, ನಗ್ತಾರೆ, ಪರ್ವಾಗಿಲ್ಲ. ಎರಡು ಗೋಣಿಚೀಲದ ತಳದ ಮೂಲೆ ಕೊಯ್ದು ಎರಡು ಬಿದಿರು ತೂರ್ಸಿದ್ರೆ ಸ್ಟ್ರೆಚರ್ ರೆಡಿ, ಅದ್ರಲ್ಲಿ ಊರಿನ ದಪ್ಪ ಆಸಾಮಿನ ಮಲಗ್ಸಿ ಕಾಳಜಿ ಕೇಂದ್ರದವರೆಗೆ ಹೊತ್ಕೊಂಡು ಹೋಗಿ ನೋಡಿ, ಎಷ್ಟು ಜನ ಬೇಕು, ಎಷ್ಟು ಹೊತ್ತು ಹಿಡಿಯುತ್ತೆ ಎಲ್ಲ ಗೊತ್ತಾಗುತ್ತೆ. ಹಾಗೇ ದನಗಳ ವಿಷ್ಯ. ಮನೆ ಬಿಡಿ ಅಂದ್ರೆ ಜನ ಒಪ್ಪದಿರೋಕೆ ಎಷ್ಟೋ ಸಲ ಕೊಟ್ಟಿಗೇನೇ ಕಾರಣ. ದನಗಳನ್ನ ಯಾರ ತೋಟಕ್ಕೆ ಹೊಡೀಬೇಕು ಅಂತ ಮೊದಲೇ ಮಾತಾಡಿಟ್ರೆ ಅಜ್ಜಿ ತಾನಾಗೇ ಎದ್ದು ಬರ್ತಾಳೆ. ಕೊನೇ ಗಳಿಗೇಲಿ ಏನೂ ಆಗ್ದಿದ್ರೆ ಹಗ್ಗನಾದ್ರೂ ಬಿಚ್ಚಿ ಬಿಡಿ.

ನೀರು ಇಳಿದು ಮನೆಗೆ ವಾಪಸ್ ಬಂದ್ಮೇಲೆ ಎಲ್ಲರೂ ಮೊದಲು ಪೊರಕೆ ಹಿಡೀತಾರೆ. ಅದಕ್ಕೂ ಮುಂಚೆ ಬಿದ್ದ ಗೋಡೆ, ನೆಂದ ಅಕ್ಕಿಮೂಟೆ, ಕೆಸರು ತುಂಬಿದ ಕೋಣೆ, ಸತ್ತ ದನ, ಎಲ್ಲದರ ಫೋಟೋ ತೆಗೆದಿಡಿ. ವಿಎಗೆ ಅವತ್ತೇ ತಿಳಿಸಿ, ಅವರು ಬಂದು ನೋಡಿ ವರದಿ ಬರೆದ್ರೇನೇ ಪರಿಹಾರದ ಫೈಲ್ ಮುಂದೆ ಹೋಗೋದು. ಬಾವಿ ನೀರನ್ನ ಬ್ಲೀಚಿಂಗ್ ಹಾಕ್ಸೋವರೆಗೆ ಮುಟ್ಬೇಡಿ, ಹಾಕ್ಸಿದ್ಮೇಲೂ ಕುದಿಸೇ ಕುಡೀರಿ. ಕೆಸರಲ್ಲಿ ಬರಿಗಾಲಲ್ಲಿ ಓಡಾಡಿ ಮುಂದಿನ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದ್ರೆ ಇಲಿಜ್ವರ ಇರ್ಬಹುದು, ಮೆಡಿಕಲ್ ಸ್ಟೋರ್ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ ಕೆಸರಲ್ಲಿ ಓಡಾಡಿದ್ದನ್ನ ಡಾಕ್ಟರಿಗೆ ಹೇಳಿ.