ಮೂವತ್ತೈದಕ್ಕೇ ಕೀಲು ಬದಲಿಸಬೇಕಾ? ಯಾವಾಗ ಹೂಂ ಅನ್ನಬೇಕು, ಯಾವಾಗ ತಡೀಬೇಕು

ಸೊಂಟದ್ದೋ ಮೊಣಕಾಲಿನದ್ದೋ ಕೀಲು ಹಾಳಾಗಿ, ಡಾಕ್ಟರು "ಕೀಲು ಬದಲಿಸಬೇಕು, ಕೃತಕ ಕೀಲು ಕೂಡಿಸಬೇಕು" ಅಂದ ಸಂಜೆಯೇ ಮನೆಯಲ್ಲಿ ಎರಡು ಪಾರ್ಟಿ ಆಗುತ್ತವೆ. ಒಂದು ಪಾರ್ಟಿ, "ಈ ವಯಸ್ಸಿನಾಗ ಆಪರೇಷನ್ನಾ? ಅರವತ್ತಾಗಲಿ, ನೋಡೋಣ" ಅನ್ನುತ್ತದೆ. ಇನ್ನೊಂದು, "ನಾಳೆನೇ ಹೈದರಾಬಾದ್‌ಗೆ ಹೋಗ್ರಿ" ಅನ್ನುತ್ತದೆ. ಎರಡೂ ಪಾರ್ಟಿ ನೋಡುತ್ತಿರುವುದು ವಯಸ್ಸನ್ನು ಮಾತ್ರ. ನೀವು ನೋಡಬೇಕಾದದ್ದು ಬೇರೆ: ನೋವು ದಿನಾ ನಿಮ್ಮಿಂದ ಏನೇನು ಕಿತ್ತುಕೊಳ್ಳುತ್ತಿದೆ, ಮತ್ತು ಅದಕ್ಕಿಂತ ಸಣ್ಣ ಉಪಾಯ ಏನಾದರೂ ಉಳಿದಿದೆಯಾ.

ಮೊದಲು ರೋಗದ ಹೆಸರು ಪಕ್ಕಾ ಮಾಡಿಕೊಳ್ಳಿ. ಚಿಕ್ಕ ವಯಸ್ಸಿನಲ್ಲಿ ಕೀಲು ಸಾಮಾನ್ಯವಾಗಿ ಸುಮ್ನೆ ಸವೆಯುವುದಿಲ್ಲ, ಹೆಚ್ಚಾಗಿ ಹಿಂದೆ ಒಂದು ಕಾರಣ ಇರುತ್ತದೆ. ಹಳೇ ಆಕ್ಸಿಡೆಂಟ್, ರುಮಟಾಯ್ಡ್ ಸಂಧಿವಾತ, ಹುಟ್ಟಿದಾಗಿಂದ ಸರಿಯಾಗಿ ಕೂರದ ಸೊಂಟದ ಕೀಲು, ಸಿಕಲ್ ಸೆಲ್ ಅನ್ನುವ ರಕ್ತದ ಹುಟ್ಟು ಕಾಯಿಲೆ. ಇನ್ನೊಂದು ದೊಡ್ಡ ಕಾರಣ ಎವಿಎನ್, ಅಂದರೆ ತೊಡೆ ಎಲುಬಿನ ತಲೆಗೆ ರಕ್ತ ಹೋಗದೆ ಅದು ಸಾಯುವುದು. ಜಾಸ್ತಿ ಕುಡಿತ, ಜಾಸ್ತಿ ಸ್ಟೆರಾಯ್ಡ್ ಎರಡರಿಂದಲೂ ಇದು ಬರುತ್ತದೆ. (ಹಳ್ಳಿಯಲ್ಲಿ "ಒಂದೇ ಸೂಜಿಗೆ ನೋವು ಮಾಯ" ಅನ್ನುವವರ ಸೂಜಿಯಲ್ಲಿ ಏನಿರುತ್ತದೆ ಅಂತ ಒಮ್ಮೆ ಕೇಳಿ ನೋಡಿ. ಹೆಸರಿಲ್ಲದ ಪುಡಿ, ಗುಳಿಗೆಗಳಿಗೂ ಇದೇ ಮಾತು.) ಎವಿಎನ್ ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕು. ಅದನ್ನೂ ಎರಡೂ ಸೊಂಟಕ್ಕೆ ಮಾಡಿಸಿ, ಯಾಕೆಂದರೆ ಇದು ಎಷ್ಟೋ ಜನರಿಗೆ ಎರಡೂ ಕಡೆ ಬರುತ್ತದೆ. ಸೊಂಟದ ಕೀಲಿನ ನೋವು ತೊಡೆಸಂದಿನಲ್ಲಿ, ಕೆಲವೊಮ್ಮೆ ಬರೀ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಮೊಣಕಾಲಿನ ಎಕ್ಸ್‌ರೇ ಮೇಲೆ ಎಕ್ಸ್‌ರೇ ತೆಗೆಸಿ ಎಲ್ಲಾ ನಾರ್ಮಲ್ ಅಂತ ಬಂದರೆ, ಸೊಂಟ ನೋಡಿ ಅಂತ ನೀವೇ ಕೇಳಿ.

ಬೇಗ ಸಿಕ್ಕಿಬಿದ್ದರೆ ಲಾಭ ಇದೆ. ಎಲುಬಿನ ತಲೆ ಇನ್ನೂ ಕುಸಿದಿಲ್ಲ ಅಂದರೆ ಅದರಲ್ಲಿ ತೂತು ಕೊರೆದು ಒತ್ತಡ ಇಳಿಸುವ ಸಣ್ಣ ಆಪರೇಷನ್ ಮಾಡುತ್ತಾರೆ, ಕೋರ್ ಡಿಕಂಪ್ರೆಷನ್ ಅಂತ. ಕಾಲು ಬಾಗಿ ಮೊಣಕಾಲಿನ ಒಂದೇ ಬದಿ ಸವೆದಿದ್ದರೆ ಎಲುಬು ಕತ್ತರಿಸಿ ನೇರ ಮಾಡಬಹುದು, ಇಲ್ಲವೇ ಆ ಬದಿಯನ್ನಷ್ಟೇ ಬದಲಿಸಬಹುದು. ತೂಕ ಇಳಿಸುವುದನ್ನು ಹಗುರವಾಗಿ ತಗೋಬೇಡಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ. ಫಿಸಿಯೋಥೆರಪಿ ಎರಡು ದಿನ ಮಾಡಿ "ಏನೂ ಫರಕ್ ಇಲ್ಲ" ಅಂದರೆ ಅದು ಲೆಕ್ಕಕ್ಕಿಲ್ಲ, ಎರಡು ಮೂರು ತಿಂಗಳಾದರೂ ನೆಟ್ಟಗೆ ಮಾಡಿ. ಕೀಲಿಗೆ ಸ್ಟೆರಾಯ್ಡ್ ಸೂಜಿ ಹಾಕಿಸಿದ್ದರೆ ಸರ್ಜನ್‌ಗೆ ಮುಚ್ಚಿಡದೆ ಹೇಳಿ. ಅದಾದ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಇನ್ಫೆಕ್ಷನ್ ಭಯ ಜಾಸ್ತಿ.

ಈಗ ಒಂದು ನೋಟ್‌ಬುಕ್ ತಗೊಂಡು ಒಂದು ತಿಂಗಳು ಬರೀರಿ. "ನೋವು ಬಹಳ" ಅಂತ ಬರೆದರೆ ಉಪಯೋಗವಿಲ್ಲ. ರಾತ್ರಿ ನೋವಿಗೆ ಎಷ್ಟು ಸಲ ಎಚ್ಚರ ಆಯ್ತು? ಬಜಾರಿನಲ್ಲಿ ಎಷ್ಟು ಅಂಗಡಿ ದಾಟಿದ ಮೇಲೆ ನಿಲ್ಲಬೇಕಾಯ್ತು? ಗುಳಿಗೆ ಎಷ್ಟು? ಬಸ್ ಹತ್ತುವಾಗ ಯಾವ ಕಾಲು ಮೊದಲು ಇಡ್ತೀರಿ? ನನ್ನ ತಮ್ಮ ಎಲ್ಲರ ಮುಂದೆ "ಅರಾಮ್ ಇದ್ದೀನಿ" ಅಂತಲೇ ಅನ್ನುತ್ತಿದ್ದ, ಆದರೆ ಬಲಗಾಲಿನ ಉಗುರು ಅವನ ಹೆಂಡತಿ ಕತ್ತರಿಸಬೇಕಿತ್ತು. ಸ್ಟೂಲ್ ಮೇಲೆ ಕೂತು, ಕಾಲು ಅವಳ ಮಡಿಲಿಗೆ ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡಿರುತ್ತಿದ್ದ. ಡಾಕ್ಟರಿಗೆ ಹೇಳಬೇಕಾದ ಮಾತು ಅದೇ, ಅದನ್ನೊಂದು ಬಿಟ್ಟು ಬೇರೆಲ್ಲಾ ಹೇಳಿ ಬಂದಿದ್ದ.

ಎಕ್ಸ್‌ರೇಯಲ್ಲಿ ಕೀಲು ಪೂರ್ತಿ ಹಾಳಾಗಿದೆ, ನಿದ್ದೆ ಹೋಗಿದೆ, ಕೆಲಸ ತಪ್ಪುತ್ತಿದೆ, ಮೇಲಿನ ಉಪಾಯಗಳೆಲ್ಲಾ ಮುಗಿದಿವೆ ಅಂದರೆ ವಯಸ್ಸು 32 ಇದ್ದರೂ ಹೂಂ ಅನ್ನಿ. ಕಾಯುವುದು ಪುಕ್ಕಟೆ ಅಲ್ಲ. ತೊಡೆಯ ಮಾಂಸಖಂಡ ಕರಗುತ್ತದೆ, ಕೀಲು ಬಿಗಿಯುತ್ತದೆ, ದಿನಾ ನುಂಗುವ ನೋವಿನ ಗುಳಿಗೆ ಹೊಟ್ಟೆ, ಕಿಡ್ನಿ ಎರಡನ್ನೂ ತಿನ್ನುತ್ತದೆ. ತೀರಾ ಕೆಟ್ಟ ಮೇಲೆ ಆಪರೇಷನ್ ಮಾಡಿಸಿಕೊಂಡವರು ಆಮೇಲೂ ಅಷ್ಟು ಚೆನ್ನಾಗಿ ಓಡಾಡುವುದಿಲ್ಲ. ಎಕ್ಸ್‌ರೇ ಕೆಟ್ಟದಾಗಿದೆ, ಆದರೆ ನೀವು ಹೊಲಕ್ಕೂ ಆಫೀಸಿಗೂ ಹೋಗಿ ಬಂದು ಚೆನ್ನಾಗಿ ನಿದ್ದೆ ಮಾಡ್ತಿದ್ದೀರಿ ಅಂದರೆ, ತಡೀರಿ. ಫೋಟೋಗೆ ಆಪರೇಷನ್ ಮಾಡಿಸಬೇಡಿ.

ಅವಸರಕ್ಕೂ ಬೆಲೆ ಇದೆ. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಕೂಡಿಸಿದ ಕೃತಕ ಕೀಲು 25 ವರ್ಷ ಬಾಳಿಕೆ ಬಂದದ್ದು ಸೊಂಟದಲ್ಲಿ ಸುಮಾರು 58%, ಮೊಣಕಾಲಿನಲ್ಲಿ ಸುಮಾರು 82%. ಕೇಳಲು ಚೆನ್ನಾಗಿದೆ, ಆದರೆ ಆ ರೋಗಿಗಳಲ್ಲಿ ಹೆಚ್ಚಿನವರು ವಯಸ್ಸಾದವರು. 2017ರ ಇನ್ನೊಂದು ಲೆಕ್ಕ ನೋಡಿ: 70 ದಾಟಿ ಬದಲಿಸಿದವರಲ್ಲಿ ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಸುಮಾರು 5%, 50ರಿಂದ 54ರೊಳಗೆ ಮೊಣಕಾಲು ಬದಲಿಸಿದ ಗಂಡಸರಲ್ಲಿ ಸುಮಾರು 35%. 35ಕ್ಕೆ ಮಾಡಿಸಿಕೊಳ್ಳುವವರು ಎರಡನೇ ಆಪರೇಷನ್ ಬಂದೇ ಬರುತ್ತದೆ ಅಂದುಕೊಂಡೇ ಹೋಗಬೇಕು. ಎರಡನೆಯದು ಮೊದಲಿನದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ.

ನಮ್ಮ ಕಡೆ ಬದುಕು ನಡೆಯುವುದು ನೆಲದ ಮೇಲೆ ಅಲ್ವಾ? ಊಟಕ್ಕೆ ಚಕ್ಕಳಮಕ್ಕಳ, ಪಾಯಖಾನೆಗೆ ಕುಕ್ಕರಗಾಲು, ನಮಾಜಿಗೆ ಮಂಡಿ, ರೊಟ್ಟಿ ಬಡಿಯಲು ಒಲೆ ಮುಂದೆ. ಆಪರೇಷನ್ ಆದ ಮೇಲೆ ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಕಾಯಂ ಬಂದ್ ಅಂತ ಒಂದೊಂದೇ ಹೆಸರು ಹೇಳಿ ಕೇಳಿ. ಕಮೋಡ್ ಮೊದಲೇ ಕೂಡಿಸಿ. ಮದುವೆ ಆಗದ ಹುಡುಗಿ ಇದ್ದರೆ ಮನೆಯವರಿಗೆ ಚಿಂತೆಯೇ ಬೇರೆ. ಸೊಂಟದ ಕೀಲು ಬದಲಿಸಿಕೊಂಡವರು ಗರ್ಭಿಣಿ ಆಗಬಹುದು, ಹೆರಬಹುದು. ಗಂಡಿನ ಮನೆಯವರು ಏನಂತಾರೋ ಅಂತ ಹುಡುಗಿಯನ್ನು ವರ್ಷಗಟ್ಟಲೆ ಕುಂಟಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಒಕ್ಕಲುತನ ಇದ್ದವರಿಗೆ ಫೆಬ್ರವರಿ ಒಳ್ಳೇ ಕಾಲ. ತೊಗರಿ ರಾಶಿ ಮುಗಿದಿರುತ್ತದೆ, ಮೃಗಶಿರಾ ಮಳೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಸಿಗುತ್ತದೆ. ಕುರ್ಚಿ ಕೆಲಸಕ್ಕೆ ಆರೇಳು ವಾರ ಸಾಕಾಗಬಹುದು, ಮೈ ಬಗ್ಗಿಸುವ ಕೆಲಸಕ್ಕೆ ಮೂರು ತಿಂಗಳಾದರೂ ಬೇಕು, ಚೀಲ ಹೊರುವುದನ್ನು ಮರೆತುಬಿಡಿ. ಒಂದು ತಿಂಗಳು ಮೊದಲೇ ಬೀಡಿ, ಗುಟ್ಕಾ ಬಿಡಿ, ಶುಗರ್ ಹಿಡಿತಕ್ಕೆ ತನ್ನಿ, ಹುಳುಕು ಹಲ್ಲು ತೋರಿಸಿ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಕೊಡುತ್ತದೆ, ಎಪಿಎಲ್ ಆದರೆ ಪ್ಯಾಕೇಜಿನ (ಆ ಆಪರೇಷನ್‌ಗೆ ಯೋಜನೆ ಇಟ್ಟ ದರದ) 30%. ಮೊದಲು ಸರ್ಕಾರಿ ದವಾಖಾನೆಗೆ, ಅಂದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಸೊಲ್ಲಾಪುರ, ಹೈದರಾಬಾದ್‌ಗೆ ಹೊರಡುವ ಮುಂಚೆ ಆ ದವಾಖಾನೆಗೆ ಫೋನ್ ಮಾಡಿ ಈ ಯೋಜನೆಯ ಕಾರ್ಡ್ ನಡೆಯುತ್ತದಾ ಕೇಳಿ. ಮೊಣಕಾಲಿನ ಇಂಪ್ಲಾಂಟ್‌ಗೆ (ಒಳಗೆ ಕೂಡಿಸುವ ಕೃತಕ ಕೀಲಿಗೆ) 2017ರಿಂದ ಸರ್ಕಾರದ ಗರಿಷ್ಠ ಬೆಲೆ ಇದೆ, ಬಿಲ್‌ನಲ್ಲಿ ಅದನ್ನು ಬೇರೆ ತೋರಿಸಲು ಹೇಳಿ. ಸರ್ಜನ್‌ಗೆ ಎರಡು ನೇರ ಪ್ರಶ್ನೆ: ನನ್ನ ವಯಸ್ಸಿನವರಿಗೆ ವರ್ಷಕ್ಕೆ ಎಷ್ಟು ಮಾಡ್ತೀರಿ, ಎರಡನೇ ಸಲದ ಆಪರೇಷನ್ ಕೂಡ ನೀವೇ ಮಾಡ್ತೀರಾ? ಸಿಟ್ಟಿಗೇಳುವ ಡಾಕ್ಟರ್ ಆದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಕೇಳಿ ಪಡೆದು, ರೇಷನ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ. ಮುಂದೆ ಅದನ್ನು ಬಿಚ್ಚಬೇಕಾದ ಡಾಕ್ಟರ್ ಮೊದಲು ಕೇಳುವುದು ಅದರ ಕಂಪನಿ ಮತ್ತು ಸೈಜ್.